ಅಂಟಿಸದ ಡೆಕ್ಕು

ಕುರ್ಚಿ ಹತ್ತಿ ನಿಂತು ಅವಳು ಬೀರುವಿನ ಮೇಲಿನ ಹಲಗೆಯನ್ನು ತಡಕಾಡುತ್ತಿದ್ದಳು. ಬೇಕಾಗಿದ್ದದ್ದು ಚಿಕ್ಕಪ್ಪನ ಕೋಟು. ಕೈಗೆ ತಾಗಿದ್ದು ರಟ್ಟಿನ ಡಬ್ಬಿಯ ಮೂಲೆ.

"ಸಿಕ್ತೇನಮ್ಮಾ?" ನಡುಮನೆಯಿಂದ ಪೆಟ್ಟಿಗೆಯವನು ಕೇಳಿದ. ಶವಪೆಟ್ಟಿಗೆ ತರುವುದರಿಂದ ಹಿಡಿದು ಹೊರುವವರನ್ನು ಕರೆಸುವವರೆಗೆ ಎಲ್ಲ ಅವನದೇ ಉಸ್ತುವಾರಿ. "ಇಲ್ದಿದ್ರೆ ಬಿಡಿ, ಸ್ವೆಟರೇ ಸಾಕು. ಅಲ್ಲಿ ಯಾರೂ ಕೇಳಲ್ಲ."

"ಸ್ವೆಟರೇ ಹಾಕಿ," ಎಂದಳು ಅವಳು. ಊರಿಗೆಲ್ಲ ಬಟ್ಟೆ ಹೊಲಿಯುವವಳು. ಸ್ವಂತ ಚಿಕ್ಕಪ್ಪನ ಹತ್ತಿರ ಕೋಟು ಇತ್ತೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ.

ಸಾವಿನ ಮನೆ ಎನ್ನುವಷ್ಟು ಜನವೇ ಅಲ್ಲಿರಲಿಲ್ಲ. ಕೆಳಮನೆಯಾಕೆ ಲೋಟಗಳನ್ನು ತೊಳೆದಿದ್ದನ್ನೇ ತೊಳೆಯುತ್ತಿದ್ದಳು. ಊರುಗೋಲಿನ ಮುದುಕನೊಬ್ಬ ಬೆಳಿಗ್ಗೆಯೇ ಬಂದು, "ಹಡಗಲ್ಲಿ ಒಟ್ಟಿಗಿದ್ವಿ," ಎಂದಷ್ಟೇ ಹೇಳಿ ಕಿಟಕಿಯ ಪಕ್ಕ ಕೂತಿದ್ದ.

"ನೀವು ಬಚ್ಚಲಿಗೆ ಹೋಗೋದಾದ್ರೆ ಹೇಳಿ ಹೋಗಿ," ಕೆಳಮನೆಯಾಕೆ ಅವನಿಗೆ ಹೇಳುತ್ತಿದ್ದಳು. "ಈ ಮನೇಲಿ ಯಾವ ಬಾಗಿಲಿಗೂ ಚಿಲಕ ಇಲ್ಲ. ಎಲ್ಲ ಬಿಚ್ಚಿ ಹಾಕಿದ್ರು ಪುಣ್ಯಾತ್ಮ. ಬಂದವರು ಒಳಗೆ ಕೂತು ಹಾಡ್ತಾ ಇರ್ಬೇಕು, ಇಲ್ದಿದ್ರೆ ಮಾನ ಹೋಗುತ್ತೆ!"

ಮುದುಕ ನಗಲಿಲ್ಲ.

ಅವಳು ಡಬ್ಬಿಯನ್ನು ಇಳಿಸಿ ಹಾಸಿಗೆಯ ಮೇಲಿಟ್ಟಳು. ಮುಚ್ಚಳದ ಮೇಲೆ ನೀಲಿ ಸಮುದ್ರ, ಅದನ್ನು ಸೀಳಿಕೊಂಡು ಬರುವ ಬೂದು ಬಣ್ಣದ ಯುದ್ಧನೌಕೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದನ್ನು ಕೊಂಡು ತಂದಿದ್ದು ಅವಳೇ.

*

ಆಗ ಚಿಕ್ಕಪ್ಪ ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೊಸತು. ಯುದ್ಧ ಮುಗಿದು ಬಂದಾಗಿನಿಂದ ಅವನು ಬಣ್ಣ ಬಳಿಯುವವನಾಗಿದ್ದ, ಅದೂ ಹೊರಗೋಡೆಗಳಿಗೆ ಮಾತ್ರ. ಹಗ್ಗದ ತೊಟ್ಟಿಲಲ್ಲಿ ಎಷ್ಟು ಎತ್ತರದಲ್ಲಿ ಬೇಕಾದರೂ ತೂಗಾಡುತ್ತಿದ್ದ; ಒಳಕೋಣೆಗೆ ಬಾ ಎಂದರೆ ಡಬ್ಬ ಕುಂಚ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಮಳೆ ಹಿಡಿದರೆ ಬರಿಗೈ. "ತಲೆ ನೆಟ್ಟಗಿಲ್ಲ," ಎನ್ನುತ್ತಿದ್ದರು ಮೇಸ್ತ್ರಿಗಳು. ಹೆಂಡತಿ ಮಕ್ಕಳಿಲ್ಲ. ಅಪ್ಪ ಹೋದ ಮೇಲೆ ಅವಳಿಗೆ ಉಳಿದ ರಕ್ತಸಂಬಂಧ ಅವನೊಬ್ಬನೇ.

ಆಟಿಕೆ ಅಂಗಡಿಯ ಗಾಜಿನೊಳಗೆ ಆ ಡಬ್ಬಿ ಕಂಡಾಗ ಅವಳಿಗೆ ನಿಧಿ ಸಿಕ್ಕಷ್ಟು ಹಿಗ್ಗಾಗಿತ್ತು. ಯುದ್ಧದಲ್ಲಿ ಚಿಕ್ಕಪ್ಪ ಇದ್ದ ಹಡಗೇ! ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವ ಕಿಟ್ಟು. ಹೊತ್ತು ಹೋಗದವನಿಗೆ ಇದಕ್ಕಿಂತ ಇನ್ನೇನು ಬೇಕು?

ಅವನು ಚಿತ್ರವನ್ನೇ ದಿಟ್ಟಿಸಿದ. ಮುಖ ಸುಣ್ಣದಂತಾಯಿತು.

"ಚೆನ್ನಾಗಿದೆ," ಎಂದ. ಡಬ್ಬಿಯನ್ನು ಮಗುಚಿಟ್ಟು, "ಟೀ ಕುಡೀತೀಯಾ?" ಎಂದ.

"ಬಿಚ್ಚಿ ನೋಡಲ್ವಾ ಚಿಕ್ಕಪ್ಪ?"

"ನೋಡೋಣ."

ಅಷ್ಟೇ. ಅವಳಿಗೆ ಚುರುಕ್ಕೆಂದಿತು. ಮುಂದಿನ ಸಲ ಬಂದಾಗ ಡಬ್ಬಿ ಎಲ್ಲೂ ಕಾಣಲಿಲ್ಲ. ಯಾರಿಗೋ ದಾಟಿಸಿರಬೇಕು ಎಂದುಕೊಂಡಳು. ಕೇಳಲಿಲ್ಲ, ಅವನೂ ತುಟಿ ಪಿಟಕ್ಕೆನ್ನಲಿಲ್ಲ. ಬರುವುದು ಕಡಿಮೆಯಾಗುತ್ತ ಆಗುತ್ತ, ಕೊನೆಗೆ ಹಬ್ಬ ಹುಣ್ಣಿಮೆಗೊಂದು ಫೋನು ಎಂಬಲ್ಲಿಗೆ ಬಂದು ನಿಂತಿತ್ತು.

*

ಈಗ ಮುಚ್ಚಳ ತೆಗೆದಳು. ಒಳಗೆ ಹಡಗು ಸಿದ್ಧವಾಗಿತ್ತು. ಬೂದು ಬಣ್ಣದಲ್ಲಿ ಕುಂಚದ ಒಂದೇ ಒಂದು ಗೆರೆಯಿಲ್ಲ, ಪಳಗಿದ ಕೈ. ಆದರೆ ಫಿರಂಗಿ, ಹೊಗೆಕೊಳವೆಗಳನ್ನು ಹೊತ್ತ ಡೆಕ್ಕು ಮಾತ್ರ ಬೇರೆಯಾಗಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಮೇಲ್ಭಾಗ ತೆರೆದಿದ್ದ ಹಡಗಿನೊಳಗೆ ಬಗ್ಗಿ ನೋಡಿದಳು. ಕಿಟ್ಟಿನಲ್ಲಿ ಇಲ್ಲದ್ದೆಲ್ಲ ಅಲ್ಲಿತ್ತು. ತಗಡು ಸುತ್ತಿ ಮಾಡಿದ ಬಾಯ್ಲರ್‌ಗಳು, ಕಡ್ಡಿ ಸೀಳಿ ಮಾಡಿದ ಏಣಿ, ತಂತಿ ಬಗ್ಗಿಸಿ ಮಾಡಿದ ಬೆರಳುಗುರಿನಷ್ಟು ಮನುಷ್ಯರು. ಎಲ್ಲರ ಮುಖವೂ ಮೇಲಕ್ಕೆ.

"ಮಾಡಿದಾನಾ!" ಬಾಗಿಲಲ್ಲಿ ಮುದುಕ ನಿಂತಿದ್ದ. ಬಂದು ಹಾಸಿಗೆಯ ಅಂಚಿಗೆ ಕೂತ. ಅವನ ಬೆರಳು ತಂತಿಯ ಮನುಷ್ಯರಿಗೆ ತಾಗದಂತೆ ಮೇಲಿಂದ ಸುಳಿಯಿತು. "ಇವನು ಗೊರಕೆ. ಈ ದಪ್ಪಗಿರೋನು ಬೆಣ್ಣೆ. ಇವನಿಗೆ ವಕೀಲ ಅಂತಿದ್ವಿ, ಎಲ್ಲದಕ್ಕೂ ವಾದ..." ಬೆರಳು ಏಣಿಯ ಹತ್ತಿರ ನಿಂತಿತು. ಏಣಿಯ ತುದಿಯಲ್ಲಿ ಒಬ್ಬನಿದ್ದ. "ಇದು ನಿಮ್ಮ ಚಿಕ್ಕಪ್ಪ."

"ಅವರು ಬಾಯ್ಲರ್ ಕೋಣೆಯಲ್ಲಿದ್ರಾ? ನಂಗೆ ಅದೂ ಹೇಳಿಲ್ಲ."

"ಹೇಳೋದಕ್ಕೇನಿದೆ ಮಗಳೇ. ಬಾಂಬು ಬಿತ್ತು, ನೀರು ನುಗ್ತು. ಕೆಳಗಿನ ಬಾಗಿಲು ಮುಚ್ಚಿ ಅಂತ ಆಜ್ಞೆ ಬಂತು. ಮುಚ್ಚದಿದ್ರೆ ಹಡಗೇ ಮುಳುಗ್ತಿತ್ತು. ಕೊನೆಗೆ ಮೇಲೆ ಬಂದವನು ಅವನು. ಅವನ ಕಾಲ ಹಿಂದೇನೇ ಬಾಗಿಲು ಬಿತ್ತು." ಮುದುಕ ಉಸಿರೆಳೆದುಕೊಂಡ. "ಕೆಳಗೆ ಉಳಿದವರು ಒಳಗಿಂದ ಬಡೀತಾ ಇದ್ರು. ಇವನು ಆ ಕಬ್ಬಿಣದ ಮೇಲೇ ಅಂಗೈ ಊರಿ ಕೂತಿದ್ದ. ಬಡಿಯೋದು ನಿಂತ ಮೇಲೂ ಏಳ್ಲಿಲ್ಲ. ಹಡಗು ದಡ ಸೇರ್ದಾಗ ನಮಗೆಲ್ಲ ಬ್ಯಾಂಡ್ ಬಾರಿಸಿದ್ರು."

ಅವಳು ಬಟ್ಟೆಯಲ್ಲಿದ್ದ ಡೆಕ್ಕನ್ನು ನೋಡಿದಳು. ಮುಟ್ಟಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ? ಕೇಳಿದ್ದರೂ ಟೀ ಕುಡೀತೀಯಾ ಎನ್ನುತ್ತಿದ್ದನೋ ಏನೋ.

ಠಕ್. ಠಕ್. ಠಕ್.

ಇಬ್ಬರೂ ಬೆಚ್ಚಿದರು. ನಡುಮನೆಯಲ್ಲಿ ಪೆಟ್ಟಿಗೆಯವನು ಮುಚ್ಚಳವನ್ನು ತಟ್ಟಿ ಕೂರಿಸುತ್ತಿದ್ದ. ಮುದುಕನ ಮುಖ ನೋಡಲಾಗದೆ ಅವಳು ಓಡಿದಳು.

"ನಿಲ್ಲಿಸಿ! ಸ್ಕ್ರೂ ಹಾಕ್ಬೇಡಿ."

"ಎರಡು ಹಾಕಾಯ್ತಲ್ಲಮ್ಮ."

"ತೆಗೀರಿ."

"ಏನಮ್ಮಾ ಇದು! ಮೂರನೇ ಮಹಡಿ, ಮೆಟ್ಟಿಲು ನೋಡಿದ್ರೆ ಕಡಿದು. ಮುಚ್ಚಳ ಜಾರಿ ಯಾರ ಕಾಲ ಮೇಲಾದ್ರೂ ಬಿದ್ರೆ? ನಾನು ಇಷ್ಟು ವರ್ಷದಲ್ಲಿ ಹೀಗೆ..."

"ನಾನು ಹಿಡ್ಕೋತೀನಿ. ಮಣ್ಣಿಗೆ ಇಳಿಸೋವರೆಗೂ ನಾನೇ ಹಿಡ್ಕೋತೀನಿ."

ಪೆಟ್ಟಿಗೆಯವನು ಅವಳನ್ನು ನೋಡಿದ. ಅವಳ ಹಿಂದೆ ಗೋಡೆಗೆ ಆತು ನಿಂತಿದ್ದ ಮುದುಕನನ್ನು ನೋಡಿದ. ಇನ್ನೇನೂ ಕೇಳದೆ ಮಂಡಿಯೂರಿ ಸ್ಕ್ರೂಗಳನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡ.

ಹೊರುವವರು ಎತ್ತಿಕೊಂಡರು. ಕೆಳಮನೆಯಾಕೆ ಮುಂದೆ ಮುಂದೆ ಇಳಿಯುತ್ತ, "ಇಲ್ಲಿ ಮೆಟ್ಟಿಲು ಸವೆದಿದೆ, ಹುಷಾರು," ಎನ್ನುತ್ತಿದ್ದಳು. ತಿರುವಿನಲ್ಲಿ ಪೆಟ್ಟಿಗೆ ವಾಲಿತು. ಪೆಟ್ಟಿಗೆಯ ಪಕ್ಕದಲ್ಲೇ ಇಳಿಯುತ್ತಿದ್ದ ಅವಳು ಎರಡೂ ಅಂಗೈಗಳಿಂದ ಮುಚ್ಚಳವನ್ನು ಬಲವಾಗಿ ಒತ್ತಿದಳು.

"ಅಷ್ಟು ಒತ್ಬೇಡಿ ತಾಯಿ," ಎಂದ ಪೆಟ್ಟಿಗೆಯವನು ಮೆಲ್ಲಗೆ. "ಜಾರದ ಹಾಗೆ ನೋಡ್ಕೊಂಡ್ರೆ ಸಾಕು."

ಅವಳು ಕೈ ಸಡಿಲಿಸಿದಳು. ಮುಚ್ಚಳ ತುಸು ಸರಿದು ಬೆರಳಗಲ ಬಾಯಿಬಿಟ್ಟಿತು. ಮೆಟ್ಟಿಲ ಕಿಟಕಿಯ ಬಿಸಿಲು ಗೆರೆಯಾಗಿ ಒಳಗೆ ಇಳಿಯಿತು.