ಕಡಲಾಚೆಯ ಧೂಳು

ಕುಂಞಿ ಮೋನು ತಾರಸಿಗೆ ಹತ್ತಿ ಹೋಗಿ ಗಾಳಿಯ ಧೂಳು ಹಿಡಿಯುವ ಯಂತ್ರದ ವಯರನ್ನು ಕಿತ್ತಾಗ, ಕೆಳಗೆ ಕುರ್‌ಆನಿನ ಯಾಸೀನ್ ಓದುತ್ತಿದ್ದ ಹೆಂಗಸರ ದನಿ ಒಮ್ಮೆಲೇ ದೊಡ್ಡದಾದಂತೆ ಕೇಳಿಸಿತು. ಎರಡು ವರ್ಷದಿಂದ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಆ ಸದ್ದಿಗೆ ಮನೆಯವರ ಕಿವಿ ಒಗ್ಗಿಹೋಗಿತ್ತು. ಅದು ನಿಂತದ್ದು ತಿಳಿದು ಓದುತ್ತಿದ್ದವರಲ್ಲಿ ಇಬ್ಬರು ತಲೆಯೆತ್ತಿ ಮೇಲೆ ನೋಡಿದರು. ಮಂಚದ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಪಾತುಮ್ಮನ ಕಾಲ ಬುಡದಲ್ಲಿ ಕೂತಿದ್ದ ಸೊಸೆ ಮುಹ್ಸಿನಾ ಮಾತ್ರ ತಲೆಯೆತ್ತಲಿಲ್ಲ.

ಪಾತುಮ್ಮನ ತಮ್ಮ ಕುಂಞಿ ಮೋನು ಮೆಟ್ಟಿಲಿಳಿದು ಬರುವಾಗ ಗೇಟಿನ ಬಳಿ ಭವಿತಾ ನಿಂತಿದ್ದಳು. ಪುತ್ತೂರಿನಿಂದ ಬಸ್ಸಿನಲ್ಲಿ ಬಂದು ಕಬಕದಲ್ಲಿ ಇಳಿದು, ವಿಟ್ಲ ರಸ್ತೆಯಲ್ಲಿ ಅವಸರವಾಗಿ ನಡೆದು ಬಂದವಳ ಮುಖ ಬೆವತಿತ್ತು. ಆಕಾಶ ಹಾಲು ಕದಡಿದ ನೀರಿನ ಹಾಗಿತ್ತು. ಮೇ ತಿಂಗಳ ಬಿಸಿಲಿದ್ದರೂ ಅಂಗಳದಲ್ಲಿ ಯಾರ ನೆರಳೂ ಸರಿಯಾಗಿ ಬೀಳುತ್ತಿರಲಿಲ್ಲ.

"ಮಿಶಿನಿನವರು ಬಂದ್ರಾ? ಒಳ್ಳೆದಾಯ್ತು" ಎಂದ ಕುಂಞಿ ಮೋನು. ಕುರ್ಚಿಗಳಲ್ಲಿ ಕೂತಿದ್ದ ಗಂಡಸರೆಲ್ಲ ಭವಿತಾಳ ಕಡೆ ತಿರುಗಿದರು. "ಅಕ್ಕ ಹೋದದ್ದು ಅದರ ಬುಡದಲ್ಲೇ. ಗೊತ್ತುಂಟಾ ನಿಮಗೆ?"

"ಮುಹ್ಸಿನಾ ಫೋನಿನಲ್ಲಿ ಹೇಳಿದ್ರು."

"ಮೊದಲೂ ದಮ್ಮು ಇತ್ತು, ಇಲ್ಲ ಅಂತ ಅಲ್ಲ. ಆದ್ರೆ ಇಷ್ಟು ಇರ್ಲಿಲ್ಲ. ಇಡೀ ಕಬಕದ ಹೊಗೆಯನ್ನು ಎಳೆದು ಎಳೆದು ಈ ಮನೆಯ ಮೇಲೆ ತಂದು ಹಾಕಿದ್ರೆ ಮನುಷ್ಯ ಬದುಕ್ತಾನಾ?"

"ಅದು ಹಾಗೆ ಎಳೆಯುದಲ್ಲ ಕಾಕ. ಹತ್ರ ಬಂದ ಗಾಳಿಯನ್ನು ಮಾತ್ರ..."

"ಎಳೀತದಾ, ಇಲ್ವಾ?"

"ಎಳೀತದೆ."

"ಹಾಂ. ಅಷ್ಟೇ."

ನೆರೆಮನೆಯ ಗುರುವಪ್ಪ ಕುರ್ಚಿಯಿಂದ ಎದ್ದ. ಬೆಳಿಗ್ಗೆ ಪಾತುಮ್ಮನನ್ನು ತನ್ನ ರಿಕ್ಷಾದಲ್ಲಿ ಪುತ್ತೂರಿನ ಆಸ್ಪತ್ರೆಗೆ ಒಯ್ದು, ಅದೇ ರಿಕ್ಷಾದಲ್ಲಿ ಹಿಂದೆ ತಂದವನು ಅವನು. "ಈಗ ಬೇಡ ಮಾರಾಯ್ರೆ" ಎಂದ. "ಅವರು ಮುಖ ನೋಡ್ಲಿಕ್ಕೆ ಬಂದದ್ದು."

"ನೋಡ್ಲಿ. ಮಿಶಿನಿನ ಮಾತು ಆಮೇಲೆ."

ಭವಿತಾ ಚಪ್ಪಲಿ ಬಿಟ್ಟು, ಚೂಡಿದಾರದ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

*

ಯಂತ್ರಕ್ಕೆ ಜಾಗ ಹುಡುಕಿಕೊಂಡು ಭವಿತಾ ಕಬಕದಲ್ಲಿ ಅಲೆದದ್ದು ಸ್ವಲ್ಪವಲ್ಲ. ಅವಳ ಊರು ಸುಳ್ಯದ ಆಲೆಟ್ಟಿ. ಗಾಳಿಯಲ್ಲಿ ತೇಲುವ ಧೂಳು, ಹೊಗೆಗಳ ಮೇಲೆ ಸಂಶೋಧನೆ ಮಾಡುತ್ತ ಪುತ್ತೂರಿನಲ್ಲಿ ರೂಮು ಮಾಡಿದ್ದಳು. ಹೆದ್ದಾರಿಯ ಲಾರಿ ಹೊಗೆಯೂ ಸಿಗಬೇಕು, ಮೇಲೆ ಆಕಾಶವೂ ತೆರೆದಿರಬೇಕು, ಅಂಥ ತಾರಸಿ ಬೇಕಿತ್ತು. ಒಬ್ಬರು ಇದು ಟವರಿನ ಹಾಗೆ ಕ್ಯಾನ್ಸರ್ ತರುವುದೆಂದರು. ಇನ್ನೊಬ್ಬರು ಯಾವ ಪಾರ್ಟಿಯ ಸರ್ವೆ ಎಂದು ಕೇಳಿದರು. ಬಾಯಾರಿ ನೀರು ಕೇಳಲು ಗೇಟು ತೆರೆದದ್ದು ಪಾತುಮ್ಮನ ಮನೆಯದು.

"ಗಾಳಿಯ ಧೂಳು ಹಿಡಿದು ಎಂತ ಮಾಡುದು ಮೋಳೇ?" ಎಂದು ಪಾತುಮ್ಮ ಕೇಳಿದಳು. ಮಗಳೇ ಎಂದು ಕರೆಯಲು ಅವಳಿಗೆ ಗುರುತು ಪರಿಚಯ ಬೇಕಿರಲಿಲ್ಲ.

"ತೂಕ ಮಾಡಿ, ಅದರಲ್ಲಿ ಎಂತೆಂತ ಉಂಟು ನೋಡಿ ಎಲ್ಲರಿಗೂ ಹೇಳುದು ಉಮ್ಮ. ಬೇರೆ ಬೇರೆ ದೇಶದವರೂ ಅವರವರ ಊರಿನದ್ದು ಹೇಳ್ತಾರೆ. ಎಲ್ಲ ಸೇರಿಸಿ ನೋಡಿದ್ರೆ ಸೆಕೆ ಯಾಕೆ ಜಾಸ್ತಿ ಆಗ್ತಾ ಉಂಟು, ಮಳೆ ಯಾಕೆ ಹೀಗೆ ಆಗ್ತಾ ಉಂಟು ಅಂತ ಗೊತ್ತಾಗ್ತದೆ."

"ಕಬಕದ ಹೊಗೆ ಅವರಿಗೆ ಯಾಕೆ?"

"ಇಲ್ಲಿಯದ್ದು ಅಲ್ಲಿಗೆ ಹೋಗ್ತದೆ. ಅಲ್ಲಿಯದ್ದು ಇಲ್ಲಿಗೆ ಬರ್ತದೆ."

ಪಾತುಮ್ಮ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಎದೆಯ ಮೇಲೆ ಕೈಯಿಟ್ಟು, "ಇದರ ಒಳಗೆ ಇರುದನ್ನೂ ಅದು ಎಳೆದು ಕೊಡ್ತದಾ? ಮದುವೆ ಮನೆಗಳ ಹೊಗೆ ಎಲ್ಲ ಇದರಲ್ಲೇ ಉಂಟು" ಎಂದಳು.

ಅವಳು ಮದುವೆ ಮನೆಗಳಲ್ಲಿ ರೊಟ್ಟಿ ಸುಡುತ್ತಿದ್ದವಳು. ಹಿಂದಿನ ರಾತ್ರಿಯೇ ಹೋಗಿ, ಹಿತ್ತಿಲಿನ ತೆಂಗಿನ ಮಡಲಿನ ಚಪ್ಪರದಡಿ ಸಾಲು ಒಲೆಗಳ ಮುಂದೆ ಕೂತರೆ ಬೆಳಗಾಗುವವರೆಗೆ ಏಳುವಂತಿರಲಿಲ್ಲ. ಹಸಿ ಸೌದೆ ಕೊಟ್ಟವರ ಮನೆಯನ್ನು ಅವಳು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ಪಾತುಮ್ಮನ ರೊಟ್ಟಿ ಮರುದಿನವೂ ಮೆತ್ತಗಿರುತ್ತದೆ ಎಂದು ವಿಟ್ಲದವರೆಗೂ ಮಾತಿತ್ತು. ಮದುಮಗಳ ಮುಖ ನೋಡದೆ ಊಟ ಮಾಡಿ ಬಂದ ಮದುವೆಗಳೇ ಹೆಚ್ಚು.

ಗಂಡ ಕಾಸಿಂ ಸೌದಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಈ ಮನೆಗೆ ತಾರಸಿ ಹಾಕಿಸಿದ್ದು ಅವನ ದುಡಿಮೆಯಿಂದ. ಮೇಲೊಂದು ಅಂತಸ್ತು ಕಟ್ಟಬೇಕೆಂದು ಕಂಬದ ಕಬ್ಬಿಣದ ಸರಳುಗಳನ್ನು ಹಾಗೆಯೇ ಬಿಡಿಸಿದ್ದ. ಮುಂದಿನ ರಜೆಗೆ ಬರುವ ಮೊದಲೇ, ಅಲ್ಲಿಯೇ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಬಿದ್ದನಂತೆ. ಹೆಣ ತರಲು ಕಾಗದ ಪತ್ರ ಆಗಬೇಕು, ವಾರಗಟ್ಟಲೆ ಕಾಯಬೇಕು ಎಂದರು. ಮಯ್ಯತ್ತನ್ನು ಕಾಯಿಸಬಾರದೆಂದು ಹಿರಿಯರು ಹೇಳಿದರು. ಫೋನು ಪಾತುಮ್ಮನ ಕೈಗೆ ಬಂದಾಗ ಅವಳೇ, "ಅಲ್ಲಿಯೇ ದಫನ ಮಾಡಿ" ಎಂದಳು. ಆ ಮಾತು ಹೇಳಿದ ಮೇಲೆ ಯಾವ ಮದುವೆಗೂ ರೊಟ್ಟಿಗೆ ಹೋಗಲಿಲ್ಲ.

ಆ ಸರಳುಗಳಿಗೇ ಬಿಗಿದು ಯಂತ್ರವನ್ನು ನಿಲ್ಲಿಸಿದ್ದಾಯಿತು. ದಿನ ಬಿಟ್ಟು ದಿನ ಭವಿತಾ ಬಂದು ಅದರೊಳಗಿನ ಬಿಳಿ ಕಾಗದವನ್ನು ಚಿಮಟದಲ್ಲಿ ಎತ್ತಿ, ಹೊಸದು ಇಟ್ಟು ಹೋಗುತ್ತಿದ್ದಳು. ತೆಗೆದ ಕಾಗದ ಯಾವಾಗಲೂ ಕಪ್ಪಗಿರುತ್ತಿತ್ತು.

*

ಪಾತುಮ್ಮನ ಮುಖ ಬಿಳಿಚಿ, ಸಣ್ಣದಾಗಿ ಕಂಡಿತು. ಎರಡು ವರ್ಷದಲ್ಲಿ ಭವಿತಾ ಆ ಎದೆ ಏಳದೆ ಇಳಿಯದೆ ಇದ್ದದ್ದನ್ನು ನೋಡಿರಲಿಲ್ಲ. ಹತ್ತಿರ ಕೂತ ಹೆಂಗಸೊಬ್ಬಳು ಮೊಬೈಲನ್ನು ಮಯ್ಯತ್ತಿನ ಮುಖದೆದುರು ಹಿಡಿದಿದ್ದಳು. ಪರದೆಯಲ್ಲಿ ಮಗ ಇಮ್ತಿಯಾಝ್. ಅವನೂ ಸೌದಿಯ ದಮಾಮಿನಲ್ಲಿ. ಅವನ ಹಿಂದೆ ಬಂಕ್ ಮಂಚ, ನೇತುಹಾಕಿದ ಬಟ್ಟೆಗಳು. ರಜೆ ಸಿಕ್ಕಿದರೂ ವಿಮಾನ ನಾಳೆಗೆ.

"ಕಾಯ್ಬೇಡಿ" ಎಂದ ಅವನು. "ಅಸರ್ ನಮಾಝ್‌ಗೆ ಮುಗಿಸಿ." ಆಮೇಲೆ ಕ್ಯಾಮೆರಾದ ಮೇಲೆ ಕೈ ಇಟ್ಟುಕೊಂಡಿರಬೇಕು, ಪರದೆ ಕತ್ತಲಾಯಿತು.

ಮುಹ್ಸಿನಾ ಎದ್ದು ಬಂದು ಭವಿತಾಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಬಾಗಿಲು ಅರ್ಧ ಮುಚ್ಚಿದಳು. ಅವಳ ಕಣ್ಣು ಒಣಗಿತ್ತು.

"ನಿನ್ನೆ ಸಂಜೆ ನೀವು ಮಾಮಿಗೆ ಫೋನ್ ಮಾಡಿದ್ರಲ್ಲ. ಎಂತ ಹೇಳಿದ್ದು?"

ಭವಿತಾ ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡಳು.

"ಫೋನ್ ಇಟ್ಟ ಮೇಲೆ ನನ್ನ ಹತ್ರ ಪೆಟ್ಟಿಗೆ ತೆಗೆಸಿದ್ರು. ಮಾಮ ಕೊನೆ ಸಲ ಬಂದಾಗ ತಂದ ಹಸಿರು ಸೀರೆ ಉಂಟು, ಒಮ್ಮೆಯೂ ಉಟ್ಟದ್ದಲ್ಲ. ಯಾಕೆ ಅಂತ ಕೇಳಿದ್ರೆ, ಗಾಳಿಗೆ ಹಾಕುವ, ಹುಳ ತಿಂತದೆ ಅಂದ್ರು. ಬೆಳಿಗ್ಗೆ ಅದನ್ನೇ ಉಟ್ಟು ಮೇಲೆ ಕೂತಿದ್ರು. ಸುಬುಹಿ ನಮಾಝ್ ಕಳೆದು ಹತ್ತಿದ್ದು ಕಾಣ್ತದೆ. ಇನ್‌ಹೇಲರ್ ಕಿಟಕಿಯಲ್ಲೇ ಇತ್ತು. ಮೆಟ್ಟಿಲು ಹತ್ತಬಾರದು ಅಂತ ಡಾಕ್ಟ್ರು ಎಷ್ಟು ಸಲ ಹೇಳಿದ್ದಾರೆ. ನೀವೂ ಇದ್ರಿ ಒಮ್ಮೆ. ಎಂತಕ್ಕೆ ಹತ್ತಿದ್ದು ಅವರು?"

*

ಕಳೆದ ವರ್ಷ ಇದೇ ಸೆಕೆಗಾಲದಲ್ಲಿ ಒಂದು ದಿನ ಚಿಮಟದಲ್ಲಿ ಮೇಲೆ ಬಂದ ಕಾಗದ ಕಪ್ಪಗಿರಲಿಲ್ಲ. ಹಳದಿ ಬೆರೆತ ಕಂದು, ಹುರಿದ ರವೆಯ ಬಣ್ಣ. ನೀರಿನ ಟ್ಯಾಂಕಿಯ ನೆರಳಲ್ಲಿ ಕೂತು ಮೆಣಸು ಹರವುತ್ತಿದ್ದ ಪಾತುಮ್ಮ, "ಇವತ್ತು ಲಾರಿಗಳೆಲ್ಲ ರಜೆಯಾ?" ಎಂದು ಕೇಳಿದಳು.

"ಇದು ಲಾರಿಯದ್ದಲ್ಲ ಉಮ್ಮ. ಮರಳುಗಾಡಿನದ್ದು." ಭವಿತಾ ಮೊಬೈಲು ತೆಗೆದು ನಕಾಶೆ ತೋರಿಸಿದಳು. ಉಪಗ್ರಹಗಳದ್ದು, ನೂರಾರು ಊರುಗಳ ಯಂತ್ರಗಳದ್ದು, ಎಲ್ಲ ಲೆಕ್ಕವನ್ನೂ ಸೇರಿಸಿ ಮಾಡಿದ ನಕಾಶೆ. ಅರಬ್ಬಿ ಕಡಲಿನ ಮೇಲೆ ಕಂದು ಬಣ್ಣದ ಪಟ್ಟಿಯೊಂದು ಹೊಳೆಯ ಹಾಗೆ ಬಾಗುತ್ತ ಬಂದು ನಮ್ಮ ಕರಾವಳಿಯನ್ನು ಮುಟ್ಟಿತ್ತು.

"ಸೌದಿಯಿಂದಲಾ?"

"ಆ ಕಡೆಯಿಂದ. ಸೌದಿ, ಒಮಾನ್... ಇಂಥದ್ದೇ ಊರಿನದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಪಾತುಮ್ಮ ಎದ್ದು ಹತ್ತಿರ ಬಂದಳು. ಕಾಗದವನ್ನು ಯಾರೂ ಮುಟ್ಟಬಾರದೆಂಬುದು ಅವಳಿಗೆ ಗೊತ್ತಿತ್ತು. ಮೊಮ್ಮಕ್ಕಳನ್ನು ಗದರಿಸಿ ದೂರ ಇಡುತ್ತಿದ್ದವಳೇ ಅವಳು. ಆದರೂ ಬೆರಳು ಚಾಚಿ ಕಾಗದದ ನಡುವೆ ಇಟ್ಟಳು. ಭವಿತಾ ಚಿಮಟವನ್ನು ಹಿಂದಕ್ಕೆಳೆಯಲಿಲ್ಲ.

ಪಾತುಮ್ಮ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು. "ಇಷ್ಟು ನುಣ್ಣಗೆ ಉಂಟಾ?" ಎಂದಳು. "ನಾನು ಮರಳು ಅಂತ ಎಣಿಸಿದ್ದೆ. ಅವರ ಮೈಗೆ ಚುಚ್ಚುತ್ತದೋ ಎಂತದೋ ಅಂತ ಇಷ್ಟು ವರ್ಷ ಎಣಿಸಿದ್ದು."

ಆ ಕಾಗದ ಲೆಕ್ಕಕ್ಕೆ ಬರಲಿಲ್ಲ. ಎಲ್ಲ ದೇಶದವರೂ ನೋಡುವ ಲೆಕ್ಕದ ಪಟ್ಟಿಯಲ್ಲಿ ಕಬಕದ ಆ ದಿನ ಖಾಲಿ ಉಳಿಯಿತು.

ಅಂದಿನಿಂದ ಭವಿತಾ ಬಂದಾಗಲೆಲ್ಲ ಪಾತುಮ್ಮ ಅವಳ ಹಿಂದೆ ಮೆಟ್ಟಿಲು ಹತ್ತುತ್ತಿದ್ದಳು. ನಡುವೆ ಎರಡು ಕಡೆ ನಿಂತು, ಗೋಡೆ ಹಿಡಿದು, ಉಸಿರು ಎಳೆದುಕೊಂಡು. "ಇವತ್ತು ಎಲ್ಲಿಯದ್ದು ಮೋಳೇ?" ಎಂದು ಕೇಳುವಳು. "ಇವತ್ತು ನಮ್ಮದೇ ಉಮ್ಮ" ಎಂದರೆ ಮಾತಿಲ್ಲದೆ ಇಳಿಯುವಳು. ಮಳೆಗಾಲ ಕಳೆದ ಮೇಲೆ ಹತ್ತಲು ಆಗದಾಯಿತು. ಆಗ ಕೆಳಗಿನ ಮೆಟ್ಟಿಲಲ್ಲೇ ಕೂತು ಕೇಳುತ್ತಿದ್ದಳು.

*

"ನಾಳೆ ಧೂಳು ಬರ್ತದೆ ಅಂತ ಹೇಳಿದೆ" ಎಂದಳು ಭವಿತಾ. "ಸೌದಿ ಕಡೆಯಿಂದ ದೊಡ್ಡ ಧೂಳು ಹೊರಟಿದೆ, ನಿಮ್ಮ ಎದೆಗೆ ಆಗುದಿಲ್ಲ, ಕಿಟಕಿ ಹಾಕಿ ಒಳಗೇ ಇರಿ ಅಂತ. ಅಷ್ಟೇ ಹೇಳಿದ್ದು."

"ಅವರು ಎಂತ ಹೇಳಿದ್ರು?"

"ಎಷ್ಟು ಹೊತ್ತಿಗೆ ಬರ್ತದೆ ಅಂತ ಕೇಳಿದ್ರು." ಭವಿತಾ ಗೋಡೆಗೆ ಒರಗಿದಳು. "ಬೆಳಗ್ಗೆ ಅಂದೆ."

ಮುಹ್ಸಿನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಗದ, ಬೆರಳು, ನಕಾಶೆ ಎಲ್ಲವನ್ನೂ ಭವಿತಾ ಹೇಳಿದಳು. ಕೇಳಿ ಮುಗಿದ ಮೇಲೆ ಮುಹ್ಸಿನಾ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಅದನ್ನು ಒರೆಸಿಕೊಳ್ಳದೆ ಬಹಳ ಹೊತ್ತು ಸಿಂಕಿನ ಮೇಲೆ ಬಾಗಿ ನಿಂತಳು.

"ನಾನು ಹೇಳ್ಬಾರದಿತ್ತು" ಎಂದಳು ಭವಿತಾ.

ಹಾಗೇನಿಲ್ಲ ಎಂದು ಮುಹ್ಸಿನಾ ಹೇಳಲಿಲ್ಲ.

"ಇದನ್ನು ಕುಂಞಿ ಮೋನು ಕಾಕನಿಗೆ ಹೇಳ್ಬೇಡಿ" ಎಂದಳು ಕೊನೆಗೆ. "ಯಾರಿಗೂ ಬೇಡ."

"ಹೇಳದಿದ್ರೆ ಅವರು ಮಿಶಿನೇ ಕೊಂದದ್ದು ಅಂತ..."

"ಎಣಿಸ್ಲಿ. ಕಾಕನ ಬಾಯಲ್ಲಿ ಮಾತು ನಿಲ್ಲುದಿಲ್ಲ. ಇವತ್ತೇ ಇಮ್ತಿಯಾಝ್‌ರಿಗೆ ಗೊತ್ತಾಗ್ತದೆ." ಮುಹ್ಸಿನಾ ಈಗ ಅಳುತ್ತಿದ್ದಳು. "ಅವರು ಇರುದು ಆ ಧೂಳಿನಲ್ಲೇ. ಉಮ್ಮ ಈ ಧೂಳಿಗೆ ಕಾದು ಕೂತು ಹೋದ್ರು ಅಂತ ಗೊತ್ತಾದ್ರೆ, ಅವರು ಅಲ್ಲಿ ದಿನಾ ಹೇಗೆ ಉಸಿರಾಡುದು, ಹೇಳಿ?"

ಹೊರಗಿನಿಂದ ಯಾರೋ ಮುಹ್ಸಿನಾಳನ್ನು ಕರೆದರು. ಮಯ್ಯತ್ತನ್ನು ಮೀಯಿಸಲು ನೀರು ಬಿಸಿಯಾಗಿತ್ತು.

*

ಸಂಜೆಯ ಅಸರ್ ನಮಾಝಿನ ಬಾಂಗಿಗೆ ಮೊದಲೇ ಗಂಡಸರು ಮಯ್ಯತ್ತಿನ ಸಂದೂಕವನ್ನು ಹೆಗಲಿಗೆತ್ತಿ ಹೊರಟರು. ಮುಂದಿನ ಬಲಗಡೆಗೆ ಕುಂಞಿ ಮೋನು ಹೆಗಲು ಕೊಟ್ಟಿದ್ದ. ಮಸೀದಿ ಇದ್ದದ್ದು ಗುಡ್ಡದ ಮೇಲೆ, ಪಳ್ಳಿಯ ದಾರಿ ಏರು. ಹೆಂಗಸರು ಗೇಟಿನವರೆಗೆ ಬಂದು ನಿಂತರು. ಸ್ವಲ್ಪ ದೂರಕ್ಕೆಲ್ಲ ದೇವರನ್ನು ನೆನೆಯುವ ದಿಕ್ರ್‌ನ ದನಿ ಮಾತ್ರ ಉಳಿದು, ಹೊತ್ತವರೂ ಹಿಂದೆ ಹೋದವರೂ ಆ ಬೆಳ್ಳನೆಯ ಮಬ್ಬಿನಲ್ಲಿ ಕಾಣದಾದರು.

ಭವಿತಾ ತಾರಸಿಗೆ ಹೋದಳು. ಸ್ಕ್ರೂಗಳನ್ನು ಬಿಚ್ಚಿದಳು, ಬಿಗಿದ ತಂತಿಗಳನ್ನು ಕತ್ತರಿಸಿದಳು. ಕಾಗದದ ಮುಚ್ಚಳ ತೆರೆದು ನೋಡಲು ಮನಸ್ಸಾಗಲಿಲ್ಲ. ತನ್ನ ಮಾರ್ಗದರ್ಶಕರಿಗೆ ಫೋನು ಮಾಡಿ, ಕಬಕದ ಜಾಗ ಹೋಯಿತೆಂದಳು. ಯಾಕೆ ಎಂದು ಅವರು ಕೇಳಿದಾಗ, ಮನೆಯವರಿಗೆ ಇಷ್ಟವಿಲ್ಲ ಎಂದಳು.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಪಳ್ಳಿಯಿಂದ ಬಂದ ಕುಂಞಿ ಮೋನು ಮೇಲೆ ಬಂದು ಟ್ಯಾಂಕಿಯ ಬಳಿ ನಿಂತ. ಏದುಸಿರು ಬಿಡುತ್ತಿದ್ದ. ಪಂಚೆಯ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು. ಜಗಳಕ್ಕೆ ಸಿದ್ಧನಾಗಿಯೇ ಬಂದವನು, ಬಿಚ್ಚಿಟ್ಟ ಯಂತ್ರವನ್ನು ನೋಡಿ ಟ್ಯಾಂಕಿಗೆ ಒರಗಿದ.

"ಅಕ್ಕ ಒಬ್ಬಳೇ ಯಾಕೆ ಇಲ್ಲಿಗೆ ಬಂದದ್ದು?" ಎಂದು ಕೇಳಿದ ಆಮೇಲೆ. ದನಿಯಲ್ಲಿ ಬೆಳಗಿನ ಸಿಟ್ಟಿರಲಿಲ್ಲ. "ಹೊಸ ಸೀರೆ ಉಟ್ಟು? ನೀವು ಅವಳ ಹತ್ರ ಮಾತಾಡ್ತಾ ಇದ್ರಿ. ನಿಮಗೆ ಎಂತಾದ್ರೂ ಗೊತ್ತುಂಟಾ?"

ಭವಿತಾ ಕೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು.

"ಇಲ್ಲ ಕಾಕ. ಗೊತ್ತಿಲ್ಲ."

ಅವನು ಅವಳ ಮುಖ ನೋಡಿದ. ಬಳಿಕ ಬಾಗಿ ಯಂತ್ರದ ಒಂದು ಬದಿಗೆ ಕೈ ಹಾಕಿದ. "ಹಿಡೀರಿ. ಒಬ್ಬರಿಂದ ಆಗ್ಲಿಕ್ಕಿಲ್ಲ."

ಇಬ್ಬರೂ ಎತ್ತಿದರು. ಮೆಟ್ಟಿಲು ಇಕ್ಕಟ್ಟು. ಕುಂಞಿ ಮೋನು ಹಿಂದು ಹಿಂದಾಗಿ, ಕಾಲಿನಲ್ಲೇ ತಡವುತ್ತ ಕೆಳಗಿನ ತುದಿ ಹಿಡಿದು ಇಳಿದ. ಯಂತ್ರದ ಉದ್ದನೆಯ ಪೆಟ್ಟಿಗೆ ಓರೆಯಾಗದಂತೆ ಮೇಲಿನ ತುದಿಯನ್ನು ಬಗ್ಗಿ ಹಿಡಿದು ಭವಿತಾ ಬಂದಳು. "ಮೆಲ್ಲ" ಎಂದ ಅವನು. ತಿರುವಿನಲ್ಲಿ ನಿಂತು ಕೈ ಬದಲಿಸಿದರು.

ಅಂಗಳದಲ್ಲಿ ಪಳ್ಳಿಯಿಂದ ಬಂದವರು ಚಹಾ ಕುಡಿಯುತ್ತ ಕೂತಿದ್ದರು. ಪೆಟ್ಟಿಗೆ ಕೊನೆಯ ಮೆಟ್ಟಿಲು ದಾಟಿ ಹೊರಗೆ ಬರುತ್ತಲೇ ಗುರುವಪ್ಪ ಗ್ಲಾಸು ಕೆಳಗಿಟ್ಟು ಎದ್ದ. ಯಾರೂ ಹೇಳದೆಯೇ ಉಳಿದವರೂ ಒಬ್ಬೊಬ್ಬರಾಗಿ ಎದ್ದು, ಕುರ್ಚಿಗಳನ್ನು ಹಿಂದಕ್ಕೆ ಸರಿಸಿ, ಎರಡು ಬದಿಗೂ ನಿಂತು ದಾರಿ ಬಿಟ್ಟರು.