ತುಟಿಗೆ ಬಣ್ಣ ಹಚ್ಚುವಷ್ಟು ಹೊತ್ತು

ಸರ್ಕಾರಿ ಟೆಲಿವಿಷನ್ ಕೇಂದ್ರದ ಮೇಕಪ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಬಣ್ಣದಕ್ಕ ಅಂತಲೇ ಕರೆಯುತ್ತಿದ್ದರು. ವಾರ್ತೆ ಓದುವವರಿಂದ ಹಿಡಿದು ದೇಶದ ಅಧ್ಯಕ್ಷರವರೆಗೆ ಅವಳ ಕೈ ತಾಗದೆ ಪರದೆಯ ಮೇಲೆ ಬಂದ ಮುಖವಿಲ್ಲ. ಕಸುಬು ಕಲಿಸಿದ ಮುದುಕ ಮೊದಲ ದಿನವೇ ಹೇಳಿದ್ದ: "ಮುಖ ಮುಟ್ಟು, ಮಾತು ಮುಟ್ಟಬೇಡ." ಅದನ್ನು ಅವಳು ಸೆರಗಿನ ಗಂಟಿನಂತೆ ಕಾಪಾಡಿಕೊಂಡು ಬಂದಿದ್ದಳು.

ಮೂವರು ಅಧ್ಯಕ್ಷರ ಮುಖ ಅವಳ ಕೈಯಲ್ಲಿ ಹಾದುಹೋಗಿತ್ತು. ಮೊದಲನೆಯವರು ಕನ್ನಡಿಯಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರನ್ನೂ ನೋಡಿದವರಲ್ಲ. ಅವಳು ಹಿಂದೆ ನಿಂತು ಸೀನಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಎರಡನೆಯವರು ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಫೋನಿನಲ್ಲಿ ಯಾರನ್ನೋ ಬಯ್ಯುತ್ತಿದ್ದರು, ಬೈಗುಳಕ್ಕೆ ಕೆನ್ನೆ ಅದುರಿ ಪೌಡರ್ ಉದುರುತ್ತಿತ್ತು. ಮೂರನೆಯವರು ಈಗಿನವರು, ಹೆಂಗಸು. ಒಂದು ಕಾಲದಲ್ಲಿ ಇನ್ನೂರು ಬಸ್ಸುಗಳ ಡಿಪೋ ನಡೆಸಿದವರಂತೆ. ಬಂದು ಕೂತರೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಭಾಷಣದ ಹಾಳೆ ಇಟ್ಟುಕೊಂಡು ಸುಮ್ಮನಿರುತ್ತಿದ್ದರು. ಏಳುವಾಗ "ಬರ್ತೀನಮ್ಮ" ಅನ್ನುತ್ತಿದ್ದರು. ಎಂಟು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.

ಈಗ ದೇಶದಲ್ಲಿ ಜ್ವರ ಹಬ್ಬಿತ್ತು. ಸೋಮವಾರದಿಂದ ಊರುಗಳೆಲ್ಲ ಮುಚ್ಚಿದ್ದವು. ಪಾಸ್ ಇದ್ದವರು ಮಾತ್ರ ಹೊರಗೆ ಕಾಲಿಡಬೇಕು, ಇಲ್ಲದವರನ್ನು ಪೊಲೀಸರು ಹಿಡಿದು ಒಯ್ಯಬೇಕು ಅಂತ ಆದೇಶ. ಟೆಲಿವಿಷನ್ ಕೇಂದ್ರದವರಿಗೆಲ್ಲ ಪಾಸ್ ಬಂತು, ಬಣ್ಣದಕ್ಕನಿಗೂ ಬಂತು. ಅವಳ ತಂಗಿಗೆ ಬರಲಿಲ್ಲ.

ತಂಗಿ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಜ್ವರದ ವಾರ್ಡಿನ ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಕುದಿಯುವ ನೀರಿನ ಯಂತ್ರಕ್ಕೆ ಹಾಕಿ ತೆಗೆಯುವ ಮೂವತ್ತು ಹೆಂಗಸರಲ್ಲಿ ಒಬ್ಬಳು. ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳನ್ನು ಪೊಲೀಸರು ಸೇತುವೆಯ ಬಳಿ ತಡೆದು ವಾಪಸು ಕಳಿಸಿದರು. ಅವಳು ಹಠದವಳು, ಬುಧವಾರ ಮತ್ತೆ ಹೋದಳು. ಆಗ ಹಿಡಿದು ಶಾಲೆಯ ಮೈದಾನವೊಂದರಲ್ಲಿ ಕೂಡಿಹಾಕಿದರು. ಇವತ್ತು ಶುಕ್ರವಾರ.

ಬೆಳಿಗ್ಗೆ ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ದೊಡ್ಡವರ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸ್ತೀಯ. ಒಡಹುಟ್ಟಿದವಳಿಗೋಸ್ಕರ ಒಂದು ಮಾತು ಆಡೋಕಾಗಲ್ವಾ? ಬಾಯಲ್ಲಿ ಏನು ಅವಲಕ್ಕಿ ತುಂಬ್ಕೊಂಡಿದೀಯಾ?"

ಬಣ್ಣದಕ್ಕ ಅಮ್ಮನ ಪಕ್ಕದಿಂದ ನುಸುಳಿ ಬಂದಿದ್ದಳು. ಆದರೆ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಉರು ಹೊಡೆದಿದ್ದಳು: ಮೇಡಂ, ನನ್ನ ತಂಗೀನ ಬಿಡಿಸೋಕೆ ಒಂದು ಫೋನ್ ಮಾಡಿ. ಅಷ್ಟೇ. ಅದಕ್ಕಿಂತ ಹೆಚ್ಚಿನದು ಅವಳಿಗೆ ಬೇಕಿರಲಿಲ್ಲ. ದೇಶ ಹೇಗೆ ನಡೆಯಬೇಕು ಅನ್ನುವುದು ದೊಡ್ಡವರ ಪಾಡು.

ಅಧ್ಯಕ್ಷೆ ಬಂದಾಗ ಮೂರೂ ಇಪ್ಪತ್ತೈದು. ನಾಲ್ಕಕ್ಕೆ ನೇರ ಪ್ರಸಾರ. ಅದೇ ಆದೇಶವನ್ನು ಇನ್ನೂ ಮೂರು ವಾರ ಮುಂದುವರಿಸುವುದಾಗಿ ದೇಶಕ್ಕೆ ಹೇಳುವುದಿತ್ತು. ಜೊತೆಯಲ್ಲಿ ಅವರ ಮುಖ್ಯ ಸಲಹೆಗಾರ. ಏನು ಕೇಳಿದರೂ "ಆಗಿದೆ ಮೇಡಂ" ಅನ್ನುವ ಆತನಿಗೆ ಕೇಂದ್ರದ ಹುಡುಗಿಯರು 'ಆಗಿದೆ ಸಾಹೇಬರು' ಅಂತ ಹೆಸರಿಟ್ಟಿದ್ದರು. ಬೆಳಿಗ್ಗೆ ಸೂರ್ಯ ಹುಟ್ಟಿದನಾ ಅಂದರೂ ತಮ್ಮ ಕಡತ ತೆರೆದು, ಆಗಿದೆ ಅಂದಾರು ಅಂತ ನಗುತ್ತಿದ್ದರು.

ಬಣ್ಣದಕ್ಕ ಅಧ್ಯಕ್ಷೆಯ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದಳು. ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು, ಎಡರೆಪ್ಪೆ ಅದುರುತ್ತಿತ್ತು. ನಾಲ್ಕು ದಿನ ನಿದ್ದೆ ಇಲ್ಲದ ಮುಖ ಅಂತ ಅವಳ ಬೆರಳಿಗೆ ಗೊತ್ತಾಯಿತು. ಸ್ಪಂಜಿನಿಂದ ಬಣ್ಣ ಒತ್ತುತ್ತಾ ಹೋದಂತೆ ಆಯಾಸ ಒಂದೊಂದಾಗಿ ಮರೆಯಾಯಿತು. ಮುಚ್ಚುವುದೇ ತನ್ನ ಕಸುಬು. ಇಪ್ಪತ್ತೆರಡು ವರ್ಷ ಎಷ್ಟೋ ಮುಖಗಳ ಮೇಲಿನ ನಿಜವನ್ನು ತಾನೇ ಮುಚ್ಚಿ ಪರದೆಗೆ ಕಳಿಸಿದ್ದೇನೆ ಅನ್ನಿಸಿತು ಅವಳಿಗೆ.

ಆಗಿದೆ ಸಾಹೇಬರು ಭಾಷಣ ಕ್ಯಾಮೆರಾ ಮುಂದಿನ ಓದುವ ಪರದೆಗೆ ಏರಿದೆಯೋ ಇಲ್ಲವೋ ನೋಡಲು ಸ್ಟುಡಿಯೋಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು. ಬಣ್ಣದಕ್ಕ ತುಟಿಯ ಕುಂಚ ಕೈಗೆತ್ತಿಕೊಂಡಳು.

ತುಟಿಗೆ ಬಣ್ಣ ಹಚ್ಚುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ಬಯ್ಯುವವರೂ ಬಾಯಿ ಮುಚ್ಚಬೇಕು, ಕುಂಚ ಜರುಗಿದರೆ ಮುಖವೇ ಕೆಡುತ್ತದೆ. ದೇಶದಲ್ಲಿ ಎಲ್ಲರೂ ಅಧ್ಯಕ್ಷರ ಮಾತು ಕೇಳಿಸಿಕೊಳ್ಳುತ್ತಾರೆ. ಅಧ್ಯಕ್ಷರು ಬಾಯಿ ಬಿಡದೆ ಇನ್ನೊಬ್ಬರ ಮಾತು ಕೇಳಿಸಿಕೊಳ್ಳಲೇಬೇಕಾದ ಹೊತ್ತು ಇದ್ದರೆ ಅದು ಈ ಎರಡು ನಿಮಿಷ. ಇಷ್ಟು ವರ್ಷ ಇದು ತನಗೆ ಹೊಳೆದೇ ಇರಲಿಲ್ಲವಲ್ಲ ಅಂದುಕೊಂಡಳು ಅವಳು. ಎಡಗೈಯಲ್ಲಿ ಗಲ್ಲ ಹಿಡಿದಳು, ಕೆಳತುಟಿಯ ಅಂಚಿಗೆ ಕುಂಚ ಇಟ್ಟಳು.

"ಮೇಡಂ, ನನ್ನ ತಂಗಿ ದೊಡ್ಡಾಸ್ಪತ್ರೇಲಿ ಬಟ್ಟೆ ಒಗೀತಾಳೆ. ಕೆಲಸಕ್ಕೆ ಹೊರಟಿದ್ದಕ್ಕೆ ಹಿಡಿದಿಟ್ಟಿದಾರೆ. ಪಾಸ್ ಇಲ್ಲ ಅಂತ." ಉರು ಹೊಡೆದ ವಾಕ್ಯ ಇಲ್ಲಿಗೆ ಬರಬೇಕಿತ್ತು. ಆದರೆ ನಾಲಿಗೆ ಬೇರೆ ದಾರಿ ಹಿಡಿಯಿತು. "ಮುಖಕ್ಕೆ ಬಣ್ಣ ಬಳಿಯೋ ನನಗೆ ಪಾಸ್ ಕೊಟ್ರಿ. ಜ್ವರದವರ ಬಟ್ಟೆ ಒಗೆಯೋಳಿಗೆ ಕೊಡಲಿಲ್ಲ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಕನ್ನಡಿಯಲ್ಲಿ ಅಧ್ಯಕ್ಷೆಯ ಕಣ್ಣು ತೆರೆದಿತ್ತು. ಅವರು ನಿಧಾನಕ್ಕೆ ಅವಳ ಮಣಿಕಟ್ಟು ಹಿಡಿದು ಕುಂಚವನ್ನು ಸರಿಸಿದರು. ಟಿಶ್ಯೂ ತೆಗೆದುಕೊಂಡು ಅರ್ಧ ಹಚ್ಚಿದ ಬಣ್ಣವನ್ನು ಒರೆಸಿಕೊಂಡರು.

ಕೆಲಸ ಹೋಯಿತು ಅಂದುಕೊಂಡಳು ಬಣ್ಣದಕ್ಕ.

ಅಧ್ಯಕ್ಷೆ ಕೇಳತೊಡಗಿದರು. ಡಿಪೋದಲ್ಲಿ ಕೆಟ್ಟು ನಿಂತ ಬಸ್ಸಿನ ಬಗ್ಗೆ ಕೇಳುವ ಹಾಗೆ, ಕೋಪವಿಲ್ಲದೆ, ಸಣ್ಣಸಣ್ಣ ಪ್ರಶ್ನೆ. ಒಗೆಯುವವರು ಎಷ್ಟು ಜನ? ಎಷ್ಟು ಪಾಳಿ? ಸಂಬಳ ಕೊಡುವವರು ಆಸ್ಪತ್ರೆಯೋ ಗುತ್ತಿಗೆದಾರನೋ? ಮೈದಾನದಲ್ಲಿ ಎಷ್ಟು ಜನರನ್ನು ಕೂಡಿಹಾಕಿದ್ದಾರೆ? ನಾನೂರರ ಹತ್ತಿರ ಅಂದಾಗ ಅವರ ಹುಬ್ಬು ಗಂಟಾಯಿತು. "ಗುಂಪು ಸೇರಬೇಡಿ ಅಂತ ಆದೇಶ. ಅದನ್ನ ಮುರಿದರು ಅಂತ ಹಿಡಿದು ನಾನೂರರ ಗುಂಪು ಮಾಡಿದೀವಿ." ಆಮೇಲೆ ಕೊನೆಯದಾಗಿ ಕೇಳಿದರು: "ಹಾಗಾದ್ರೆ ಮೂರು ದಿನದಿಂದ ಅಲ್ಲಿ ಬಟ್ಟೆ ಯಾರು ಒಗೀತಿದಾರೆ?"

ಬಣ್ಣದಕ್ಕನಿಗೆ ಗೊತ್ತಿರಲಿಲ್ಲ. ತಂಗಿಯೇ ಮನಸ್ಸು ತುಂಬಿದ್ದವಳಿಗೆ ಬಟ್ಟೆಯ ಯೋಚನೆ ಬಂದೇ ಇರಲಿಲ್ಲ.

ಆಗಿದೆ ಸಾಹೇಬರು ಒಳಗೆ ಬಂದರು. ಆಸ್ಪತ್ರೆಯವರಿಗೆಲ್ಲ ಪಾಸ್ ಕೊಟ್ಟಿದೆಯೇ ಅಂತ ಅಧ್ಯಕ್ಷೆ ಕೇಳಿದರು. ಆಗಿದೆ ಮೇಡಂ. ಬಟ್ಟೆ ಒಗೆಯುವವರಿಗೆ? ಸಾಹೇಬರು ಕಡತ ತಿರುವಿ, ಕನ್ನಡಕ ಏರಿಸಿ, ಅವರು ಸಿಬ್ಬಂದಿಯ ಲೆಕ್ಕದಲ್ಲಿ ಬರುವುದಿಲ್ಲ, ಗುತ್ತಿಗೆಯವರು ಅಂದರು. ಬೇಕಾದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಫೋನ್ ಹಚ್ಚುತ್ತೇನೆ ಅಂದರು.

"ಬೇಡ. ನಿಮ್ಮ ಫೋನಿಂದ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾರೆ." ಅಧ್ಯಕ್ಷೆ ಬಣ್ಣದಕ್ಕನ ಕಡೆ ಕೈ ಚಾಚಿದರು. "ವಾರ್ಡಿನಲ್ಲಿ ನಿಮಗೆ ಗೊತ್ತಿರೋರು ಯಾರಿದಾರೆ? ನಿಮ್ಮ ಫೋನ್ ಕೊಡಿ."

ತಂಗಿಯ ಗೆಳತಿ ಒಬ್ಬಳು ಅಲ್ಲಿ ನರ್ಸು. ಗಾಜು ಬಿರುಕು ಬಿಟ್ಟ ಆ ಫೋನಿನಿಂದ ಕರೆ ಹೋಯಿತು. ಅಧ್ಯಕ್ಷೆ ಅದನ್ನು ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು.

"ಅಕ್ಕಾ, ಬಿಟ್ರಾ ಅವಳನ್ನ?" ನರ್ಸಿನ ದನಿ ಏದುಸಿರು ಬಿಡುತ್ತಿತ್ತು. "ಇಲ್ಲಿ ನಮ್ಮ ಗತಿ ಯಾರಿಗೂ ಬೇಡ. ಒಗೆದ ಹಾಸು ಒಂದೂ ಇಲ್ಲ. ಒಬ್ಬರು ಮಲಗೆದ್ದ ಹಾಸಿನ ಮೇಲೇ ಇನ್ನೊಬ್ಬರನ್ನ ಮಲಗಿಸ್ತಿದೀವಿ. ಜ್ವರ ವಾಸಿ ಮಾಡ್ತಿದೀವೋ ಹಂಚ್ತಿದೀವೋ ದೇವರೇ ಬಲ್ಲ. ಆ ಆದೇಶ ಬರೆದೋರು ಒಂದು ದಿನ ಇಲ್ಲಿ ಬಂದು ಮಲಗಬೇಕು ನೋಡು."

"ನಾನು ಅವರ ಅಕ್ಕ ಅಲ್ಲಮ್ಮ," ಅಂದರು ಅಧ್ಯಕ್ಷೆ. "ಆ ಆದೇಶಕ್ಕೆ ಸಹಿ ಹಾಕಿದವಳು."

"ಅಯ್ಯೋ, ಮೇಡಂ..." ಅಂದಳು ನರ್ಸು.

"ಹೆದರಬೇಡಿ. ಇನ್ನೂ ಯಾರ್ಯಾರು ಬಂದಿಲ್ಲ, ಒಂದೊಂದಾಗಿ ಹೇಳಿ. ನಾನು ಬರ್ಕೋತೀನಿ."

ನರ್ಸು ತೊದಲುತ್ತಾ ಶುರು ಮಾಡಿ ಆಮೇಲೆ ದನಿ ಗಟ್ಟಿ ಮಾಡಿಕೊಂಡಳು. ಅಡುಗೆಯವರು. ಆಮ್ಲಜನಕದ ಸಿಲಿಂಡರ್ ಹೊರುವವರು. ನೆಲ ಒರೆಸುವವರು. ರಾತ್ರಿ ಆಂಬ್ಯುಲೆನ್ಸ್ ಓಡಿಸುವ ಇಬ್ಬರು. ಅಧ್ಯಕ್ಷೆ ಭಾಷಣದ ಹಾಳೆಯನ್ನು ಮಗುಚಿ, ಅದರ ಬೆನ್ನಿನ ಮೇಲೆ ಬರೆದುಕೊಂಡರು.

ನಾಲ್ಕಕ್ಕೆ ಹನ್ನೊಂದು ನಿಮಿಷವಿತ್ತು. ಸಾಹೇಬರ ಹಣೆ ಬೆವರಿತ್ತು. ಅವರು ಕೆಟ್ಟ ಮನುಷ್ಯರೇನಲ್ಲ, ಅಧ್ಯಕ್ಷೆಯ ಮಾನ ಕಾಯುವುದೇ ದೇಶ ಕಾಯುವುದು ಅಂತ ನಂಬಿದವರು. ಇದನ್ನು ನಾಳೆ ಸುತ್ತೋಲೆಯಲ್ಲಿ ಸದ್ದಿಲ್ಲದೆ ಸರಿಪಡಿಸೋಣ ಅಂತ ಬೇಡಿಕೊಂಡರು. ಪರದೆಯ ಮೇಲೆ ತಪ್ಪು ಒಪ್ಪಿಕೊಂಡರೆ ಜನಕ್ಕೆ ನಂಬಿಕೆ ಹೋಗುತ್ತದೆ, ವಿರೋಧ ಪಕ್ಷದವರಿಗೆ ಕೋಲು ಕೊಟ್ಟು ಹೊಡೆಸಿಕೊಂಡಂತಾಗುತ್ತದೆ ಅಂದರು.

"ಹೊಡೀಲಿ. ನಿಮ್ಮ ಸುತ್ತೋಲೆ ಮೇಜಿಂದ ಮೇಜಿಗೆ ಇಳಿದು ಸೇತುವೆ ಹತ್ತಿರದ ಪೇದೆಗೆ ತಲುಪೋಕೆ ನಾಲ್ಕು ದಿನ ಬೇಕು. ನಾಲ್ಕು ಗಂಟೆಗೆ ಅವನೂ ಫೋನಲ್ಲಿ ನನ್ನನ್ನ ನೋಡ್ತಿರ್ತಾನೆ. ಅವನಿಗೇ ನೇರವಾಗಿ ಹೇಳ್ತೀನಿ."

ಅಧ್ಯಕ್ಷೆ ಎದ್ದರು. ಬಣ್ಣದಕ್ಕ ಬಾಗಿಲ ಬಳಿ ಅಡ್ಡ ಬಂದಳು. ಬೆಳಿಗ್ಗೆ ಅಮ್ಮ ನಿಂತ ಹಾಗೇ. ಇಷ್ಟೆಲ್ಲ ಆದ ಮೇಲೂ ಅವಳು ಕೇಳಬೇಕೆಂದಿದ್ದ ಮಾತು ಹಾಗೇ ಉಳಿದಿತ್ತು. "ಮೇಡಂ, ನನ್ನ ತಂಗಿ? ಒಂದು ಫೋನ್ ಮಾಡಿದ್ರೆ..."

"ಮಾಡಲ್ಲಮ್ಮ."

ಬಣ್ಣದಕ್ಕನ ಮುಖ ಸಪ್ಪಗಾಯಿತು.

"ನಾನು ಫೋನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ನಿಮ್ಮ ತಂಗಿ ಹೊರಗೆ ಬರ್ತಾಳೆ. ಉಳಿದೋರು ಅಲ್ಲೇ ಇರ್ತಾರೆ. ನಾನೇನೋ ಒಳ್ಳೇ ಕೆಲಸ ಮಾಡಿದೆ ಅಂದ್ಕೊಂಡು ಇವತ್ತು ಹಾಯಾಗಿ ಮಲಗ್ತೀನಿ. ನಂಗೆ ಆ ನಿದ್ದೆ ಬೇಡ." ಅವರು ಅವಳ ತೋಳು ಮುಟ್ಟಿದರು. "ಅವಳು ಬರ್ತಾಳೆ. ಆದರೆ ನಿಮ್ಮ ತಂಗಿ ಅಂತ ಅಲ್ಲ."

ಆ ಕ್ಷಣಕ್ಕೆ ಬಣ್ಣದಕ್ಕನಿಗೆ ಸಿಟ್ಟೇ ಬಂತು. ದೊಡ್ಡವರ ನ್ಯಾಯ ದೊಡ್ಡದಾಗಿಯೇ ಇರುತ್ತದೆ, ನಮ್ಮಂಥವರ ಮನೆ ಬಾಗಿಲಲ್ಲಿ ಹಿಡಿಸುವುದಿಲ್ಲ ಅಂದುಕೊಂಡಳು. ಆಮೇಲೆ ನೆನಪಾಗಿ ಕುಂಚ ಹಿಡಿದು ಓಡಿದಳು. ತುಟಿ ಬೋಳಾಗಿತ್ತು. ಅಷ್ಟರಲ್ಲಿ ಸ್ಟುಡಿಯೋದ ಕೆಂಪು ದೀಪ ಹತ್ತಿತ್ತು. ಅವಳ ಕೈಯಿಂದ ಮುಗಿಯದ ಮುಖವೊಂದು ಮೊದಲ ಸಲ ದೇಶದ ಮುಂದೆ ಹೋಯಿತು.

ಅವಳು ಗಾಜಿನಾಚೆ ನಿಂತು ನೋಡಿದಳು. ಅಧ್ಯಕ್ಷೆ ಎದುರಿನ ಪರದೆಯಲ್ಲಿ ಓಡುತ್ತಿದ್ದ ಅಕ್ಷರ ನೋಡಲಿಲ್ಲ, ಹಾಳೆಯ ಬೆನ್ನು ನೋಡಿಕೊಂಡರು.

"ಸೋಮವಾರದ ಆದೇಶದಲ್ಲಿ ಒಂದು ತಪ್ಪಿದೆ. ತಪ್ಪು ಮಾಡಿದವಳು ನಾನು, ನನ್ನ ಕೈಕೆಳಗಿನವರಲ್ಲ. ಹಾಸಿಗೆ ಪಕ್ಕ ನಿಲ್ಲುವವರನ್ನಷ್ಟೇ ಆಸ್ಪತ್ರೆಯವರು ಅಂತ ಎಣಿಸಿದೆ. ಆ ಹಾಸಿಗೆಯ ಬಟ್ಟೆ ಒಗೆಯುವವರನ್ನು ಮರೆತೆ. ಅವರು ಬರದೆ ಆಸ್ಪತ್ರೆ ನಡೆಯುವುದಿಲ್ಲ ಅಂತ ಈಗ ಹತ್ತು ನಿಮಿಷದ ಹಿಂದೆ ಕಲಿತೆ." ಅವರು ಪಟ್ಟಿ ಓದಿದರು, ಒಗೆಯುವವರಿಂದ ಸಿಲಿಂಡರ್ ಹೊರುವವರವರೆಗೆ. "ಊರು ಮುಚ್ಚಿರುವುದು ಮುಂದುವರಿಯುತ್ತದೆ, ಅದು ಬೇಕು. ಆದರೆ ಆಸ್ಪತ್ರೆಗೆ ಹೊರಟವರಿಗೆ ಈ ಗಳಿಗೆಯಿಂದ ಪಾಸ್ ಬೇಡ, ಅವರ ಮಾತೇ ಪಾಸ್. ಸೇತುವೆಯ ಮೇಲೆ, ರಸ್ತೆಯ ಮೇಲೆ ನಿಂತ ಪೊಲೀಸ್ ಅಣ್ಣಂದಿರೇ, ಹತ್ತು ಜನ ಸುಳ್ಳು ಹೇಳಿ ದಾಟಿದರೂ ದಾಟಲಿ, ಒಬ್ಬ ಒಗೆಯುವವಳು ನಿಲ್ಲಬಾರದು. ಮೈದಾನಗಳಲ್ಲಿ ಕೂಡಿಹಾಕಿದವರನ್ನು ಈಗಲೇ ಬಿಡಿ. ನಾನು ನಾಳೆ ಬೆಳಿಗ್ಗೆ ಎಣಿಸಲು ಬರುತ್ತೇನೆ."

ಕ್ಯಾಮೆರಾ ಹಿಡಿದವನು ಒಂದು ಕೈಯಿಂದ ಕಣ್ಣು ಒರೆಸಿಕೊಂಡ. ಆಗಿದೆ ಸಾಹೇಬರು ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಆಮೇಲೆ, ಯಾರೂ ಕೇಳದಿದ್ದರೂ ಮೆಲ್ಲಗೆ ಅಂದರು: "ಆಗಿಲ್ಲ. ನಾನು ನೋಡೇ ಇರಲಿಲ್ಲ." ಹಾಗೆಂದು ಕಡತ ಅಲ್ಲೇ ಬಿಟ್ಟು ಪೊಲೀಸ್ ಮುಖ್ಯಸ್ಥರಿಗೆ ಫೋನ್ ಮಾಡಲು ಓಡಿದರು.

ಬಣ್ಣದಕ್ಕ ಕೇಂದ್ರದ ವ್ಯಾನು ಹತ್ತಿ ಶಾಲೆ ತಲುಪಿದಾಗ ಐದು ಗಂಟೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಮೈದಾನದ ಗೇಟು ಆಗಲೇ ತೆರೆದಿತ್ತು. ಜನ ಸಾಲುಸಾಲಾಗಿ ಬರುತ್ತಿದ್ದರು. ಚಪ್ಪಲಿ ಕಳೆದುಕೊಂಡವರು, ಮೂರು ದಿನದ ಧೂಳು ಮೈಯೆಲ್ಲ ಬಳಿದುಕೊಂಡವರು. ಅವಳ ಕಣ್ಣು ಒಂದೊಂದೇ ಮುಖ ಹುಡುಕಿತು. ತಂಗಿ ಕಂಡಳು, ಕೆದರಿದ ಕೂದಲಿನಲ್ಲಿ, ಹತ್ತಾರು ಹೆಂಗಸರ ನಡುವೆ, ಯಾರ ಜೊತೆಗೋ ಜಗಳವಾಡುವಂತೆ ಕೈ ಬೀಸಿ ಮಾತಾಡುತ್ತಾ.

ಬಣ್ಣದಕ್ಕ ಓಡಿಹೋಗಿ ಅವಳ ಭುಜ ಹಿಡಿದಳು. ಮನೆಗೆ ನಡಿ, ಅಮ್ಮ ಕಾಯ್ತಿದಾಳೆ ಅಂದಳು.

"ಯಾವ ಮನೆ?" ತಂಗಿಯ ಕಣ್ಣು ಹೊಳೆಯುತ್ತಿತ್ತು. "ಮೂರು ದಿನದ ಬಟ್ಟೆ ಗುಡ್ಡದಷ್ಟು ಬಿದ್ದಿರುತ್ತೆ. ಒಗೆಯೋರನ್ನೆಲ್ಲ ಹಿಡಿದು ಇಲ್ಲೇ ಹಾಕಿದ್ರಲ್ಲ, ನಾವು ಮೂವತ್ತೂ ಜನ ನೇರವಾಗಿ ಹೋಗ್ತಿದೀವಿ. ಅಮ್ಮನಿಗೆ ನಾಳೆ ಬರ್ತೀನಿ ಅನ್ನು." ಆಮೇಲೆ ಅನುಮಾನದಿಂದ ಅಕ್ಕನನ್ನು ನೋಡಿದಳು. "ಅಲ್ವೇ, ನೀನೇನಾದ್ರೂ ನನ್ನ ಹೆಸರು ಹೇಳಿ ಅಧ್ಯಕ್ಷರ ಹತ್ತಿರ ಅತ್ತುಕರೆದು ಮಾಡಿದ್ಯಾ?"

"ಅವರು ನಿನ್ನ ಹೆಸರು ಕೇಳಲೇ ಇಲ್ಲ," ಅಂದಳು ಬಣ್ಣದಕ್ಕ. ಒಂದು ಗಂಟೆಯ ಹಿಂದೆ ಮುಳ್ಳಿನಂತೆ ಚುಚ್ಚಿದ್ದ ಸಂಗತಿ ಈಗ ಬಾಯಿಂದ ಬರುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ವ್ಯಾನಿನವನನ್ನು ಕಳಿಸಿಬಿಟ್ಟು ಅವಳೂ ಆ ಹೆಂಗಸರ ಜೊತೆ ಹೆಜ್ಜೆ ಹಾಕಿದಳು.

ಖಾಲಿ ರಸ್ತೆಯ ನಟ್ಟನಡುವೆ ಅವರು ನಡೆದರು. ಸೇತುವೆಯ ಬಳಿ ಮಂಗಳವಾರ ತಡೆದಿದ್ದ ಪೇದೆಯೇ ನಿಂತಿದ್ದ. ದೂರದಿಂದಲೇ ನೋಡಿ ಅಡ್ಡಗಂಬವನ್ನು ಮೇಲೆತ್ತಿ ಹಿಡಿದ. ತಂಗಿ ಅವನ ಮುಂದೆ ಬೇಕೆಂದೇ ನಿಂತಳು.

"ಏನಪ್ಪಾ, ಪಾಸ್ ತೋರಿಸ್ಲಾ?"

ಅವನು ನಾಚಿ ನೆಲ ನೋಡಿದ. "ಹೋಗಿ ಅಕ್ಕ."

"ಬೇಗ ಹೋಗಿ ಅನ್ನೋ," ಅಂದಳು ತಂಗಿ. ಮೂವತ್ತು ಹೆಂಗಸರು ಒಟ್ಟಿಗೆ ನಕ್ಕರು. ನಗುತ್ತಲೇ, ತೋಳು ಮೇಲೇರಿಸಿಕೊಳ್ಳುತ್ತಾ, ಸೇತುವೆ ದಾಟಿ ಆಸ್ಪತ್ರೆಯ ಕಡೆ ಬಿರುಸಾಗಿ ನಡೆದರು.