ಸುದ್ದಿ ಒಯ್ದವರ ಮಗಳು

ಧನಲಕ್ಷ್ಮಿ ಪ್ರಶ್ನೆ ಕೇಳಲು ಎದ್ದಳೆಂದರೆ ಒಪ್ಪುವ ಉತ್ತರ ಸಿಗುವವರೆಗೆ ಕುಳಿತುಕೊಳ್ಳುವವಳಲ್ಲ. ಗಂಟೆ ಹೊಡೆದು ತರಗತಿ ಬರಿದಾದರೂ, ಅಣ್ಣನ ಹಳೆಯ ಖಾಕಿ ಕೋಟಿನ ಜೇಬಿನೊಳಗೆ ಕೈಯಿಟ್ಟುಕೊಂಡು, ಬೆಂಚಿನ ಪಕ್ಕದಲ್ಲಿ ನಿಂತೇ ಇರುತ್ತಿದ್ದಳು. ಜಾತಿ, ಕುಲ, ಬುಡಕಟ್ಟುಗಳ ವಿಷಯವಾಗಿ ಪುಸ್ತಕದ ಯಾವ ಮಾತನ್ನು ಓದಿ ಹೇಳಿದರೂ ಅವಳದು ಒಂದೇ ವರಸೆ: “ಇದ ಕಂಡೋರು ಯಾರು ಸಾ? ಆ ಜನ್ರನ್ನ ಕೇಳಿದ್ರಾ?” ಹಿಂದಿನ ಬೆಂಚಿನ ಗಿರಿಧರ ಅವಳಿಗೆ ಪಾಟೀಸವಾಲಿನ ಲಕ್ಷ್ಮಿ ಎಂದು ಹೆಸರಿಟ್ಟಿದ್ದ. ಅವಳು ತಿರುಗಿ ನೋಡದೆಯೇ, “ವಕೀಲ್ರ ಮಗ ನೀನು, ಸಾಕ್ಷಿ ಕೇಳಿದ್ರೆ ನಗ್ತೀಯಲ್ಲ” ಎಂದಿದ್ದಳು.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಪಾಠ ಹೇಳುತ್ತಿದ್ದ ಅರಕಲಗೂಡಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಹೆಚ್ಚಿನವರಿಗೆ ಬಿ.ಎ. ಎಂಬುದು ಮೇಷ್ಟರ ಕೆಲಸಕ್ಕೆ ಮೆಟ್ಟಿಲು. ಕೊಣನೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಧನಲಕ್ಷ್ಮಿಗಾದರೋ ಮೈಸೂರಿಗೆ ಹೋಗಬೇಕು, ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರ ಓದಬೇಕು, ತನ್ನ ಜನರ ಬದುಕನ್ನು ತಾನೇ ಬರೆಯಬೇಕೆಂಬ ಹಟ. ಕೂಲಿ ಮಾಡಿ ಮಕ್ಕಳನ್ನು ಓದಿಸಿದ, ನಡುವಯಸ್ಸಿನಲ್ಲಿ ಬೌದ್ಧರಾದ ತಂದೆ ಹುಚ್ಚಯ್ಯನವರಿಗೆ ಅದು ಹಿಡಿಸಿರಲಿಲ್ಲ. ಬಿಟ್ಟುಬಂದ ಬದುಕನ್ನು ಕೆದಕಿ ಓದುವುದೇನಿದೆ ಎಂಬುದು ಅವರ ವಾದ.

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಸಾವಿನ ಸುದ್ದಿ ಒಯ್ಯುವ ಪದ್ಧತಿಯನ್ನು. ದೊಡ್ಡ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ, ಅವರ ನೆಂಟರ ಊರುಗಳಿಗೆ ನಡೆದುಹೋಗಿ, ಅಂಗಳದಲ್ಲಿ ನಿಂತು ಕೂಗಿ ಹೇಳಿ ಬರುವುದು ಹಿಂದೆ ಕೇರಿಯ ಗಂಡಸರ ಪಾಲಿಗೆ ಬಿದ್ದ ಕೆಲಸ. ಹುಚ್ಚಯ್ಯನವರೂ ಪ್ರಾಯದಲ್ಲಿ ಅದನ್ನು ಮಾಡಿ ಬಿಟ್ಟವರು. ಆ ಮಾತೆತ್ತಿದರೆ ಎದ್ದು ಹೋಗುವರು. ತಂದೆ ಬಾಯಿ ಬಿಡಲೊಲ್ಲರೆಂದು ಮಗಳು, ಅವರು ಸುದ್ದಿ ಒಯ್ಯುತ್ತಿದ್ದ ಪಕ್ಕದೂರಿನ ದೊಡ್ಡ ಮನೆಯವರನ್ನೇ ಕೇಳಲು ಹೋದಳು. ತಪ್ಪಿದ್ದು ಅಲ್ಲಿ. ಅವರು ಜಗಲಿಯ ಮೇಲೆ ಕುಳಿತು ಧಾರಾಳವಾಗಿ ಹೇಳಿದರು, ಹುಚ್ಚಯ್ಯ ಕೂಗುತ್ತಿದ್ದ ರೀತಿಯನ್ನು ಅಣಕಿಸಿ ನಕ್ಕರು; ಅವಳು ಕೆಳಗೆ ನಿಂತು ಬರೆದುಕೊಂಡಳು.

ವಿಷಯ ಕೇರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. “ಇನ್ ನಿಲ್ಲಾಕಿಲ್ಲ ಅಂತ ನಾನು ಬುಟ್ಟುಬಂದ ಅಂಗ್ಳ ಕಣವ್ವ ಅದು. ನೀನ್ ಓಗಿ ನಿಂತ್ಕಂಡ್ಯಲ್ಲ” ಎಂದಷ್ಟೇ ಹೇಳಿ ಹುಚ್ಚಯ್ಯನವರು ಮಗಳೊಡನೆ ಮಾತು ಬಿಟ್ಟರು.

ಬರೆದದ್ದು ಪ್ರಬಂಧಕ್ಕೆ ಧಾರಾಳವಾಗಿ ಸಾಲುತ್ತಿತ್ತು, ಸಲ್ಲಿಸುವ ಗಡುವಿಗೆ ಉಳಿದಿದ್ದುದು ಕೆಲವೇ ತಿಂಗಳು. ಅವಳು ಅಷ್ಟನ್ನೂ ಹರಿದುಹಾಕಿ ಮೊದಲಿನಿಂದ ತೊಡಗಿದಳು. ರಜೆ ಸಿಕ್ಕಾಗಲೆಲ್ಲ ಹೊಳೆನರಸೀಪುರದ ಕಡೆಯ ಕೇರಿಗಳಿಗೆ, ಚನ್ನರಾಯಪಟ್ಟಣ ದಾಟಿ ಬಾಗೂರಿಗೆ ಹೋಗುವಳು. ಮನೆಯ ಹೆಂಗಸರೊಂದಿಗೆ ಕುಳಿತು ಅವರೆಕಾಯಿ ಸುಲಿಯುತ್ತ ತನ್ನ ತಪ್ಪನ್ನು ಮೊದಲು ಹೇಳಿಕೊಳ್ಳುವಳು, ಆಮೇಲೆ ಹಿರಿಯರ ಮಾತು ಕೇಳುವಳು, ಬರೆಯಬೇಡ ಎಂದವರದನ್ನು ಬರೆಯದೆ ಬರುವಳು. ಬಾಗೂರಿನ ಮುದುಕ ದೇವಯ್ಯ ಅವಳಿಗೊಂದು ಸಂಗತಿ ಹೇಳಿದರು: ಸಾವಿನ ಸುದ್ದಿ ಕಿವಿಗೆ ಬಿದ್ದರೆ ಉಣ್ಣುವಂತಿಲ್ಲವಲ್ಲ, ಅದಕ್ಕಾಗಿ ಕೇರಿಯವನು ಬರುವುದನ್ನು ದೂರದಿಂದ ಕಂಡೊಡನೆ ನೆಂಟರ ಮನೆಯವರು ಕೈಸನ್ನೆಯಿಂದ ಅವನ ಬಾಯಿ ಮುಚ್ಚಿಸಿ, ಮೊದಲು ಊಟ ಮುಗಿಸುತ್ತಿದ್ದರು; ದಾರಿ ನಡೆದು ಹಸಿದು ಬಂದವನು ಬಿಸಿಲಿನಲ್ಲಿ ಕಾಯಬೇಕಿತ್ತು.

ಆ ಸಂಜೆ ಅವಳು ಇದನ್ನು ತಾಯಿ ಬೆಟ್ಟಮ್ಮನಿಗೆ ಹೇಳುತ್ತಿದ್ದಾಗ, ಗೋಡೆಗೆ ಒರಗಿದ್ದ ಹುಚ್ಚಯ್ಯನವರು ತಿಂಗಳುಗಳ ಮೌನ ಮುರಿದರು.

“ಅವ್ನು ಕಾದ. ನಾನ್ ಕಾಯ್ನಿಲ್ಲ.”

ಧನಲಕ್ಷ್ಮಿ ಅವರ ಕಡೆಗೆ ತಿರುಗಿ ಕುಳಿತಳು.

“ಎಲೆ ಆಕ್ತಾ ಇದ್ರು. ಸುಮ್ನಿರ್ಲಾ ಅಂತ ಕೈ ಮಾಡುದ್ರು. ನಾನು ಕೂಗೇಬುಟ್ಟೆ. ಅಲ್ಲಿಂದ ತಿರುಗ್ದೋನು ಮತ್ತೆ ಓಗ್ನಿಲ್ಲ. ಆ ಮನೆಯೋರು ಇದ ಹೇಳುದ್ರಾ ನಿನಗೆ?”

“ಇಲ್ಲ ಕಣಪ್ಪ.”

“ಹೇಳಾಕಿಲ್ಲ. ಇದ್ನ ಮೊದ್ಲು ಬರ್ಕೊ.” ಮತ್ತೆ, “ಮೈಸೂರ್ನಲ್ಲಿ ಇದ ಓದುಸ್ತಾರಾ?” ಎಂದರು.

“ನಾನ್ ಓಗಿ ಓದಿಸ್ಬೇಕು.”

“ಅಂಗಾರೆ ಓಗು” ಎಂದರು ಹುಚ್ಚಯ್ಯನವರು.

ಗಡುವು ಮುಗಿಯುವ ದಿನ ಪ್ರಬಂಧ ನಮ್ಮ ಕೈಸೇರಿತು. ಆ ವರ್ಷವೇ ಅವಳು ಮೈಸೂರು ಸೇರಿದಳು. ಈಗ ಹಾಸನದಲ್ಲಿ ಪಾಠ ಹೇಳುತ್ತಾಳೆ. ತಮ್ಮವರ ನೋವನ್ನು ವಿದ್ಯೆಯ ವಸ್ತುವನ್ನಾಗಿ ಮಾಡಿಕೊಂಡ ಅನೇಕರನ್ನು ನಾನು ಕಂಡಿದ್ದೇನೆ. ಅದಕ್ಕೆ ತಮ್ಮವರ ಅಪ್ಪಣೆ ಬೇಕೆಂದು ಅರಿತವರು ವಿರಳ. ಅಂಥವರು ಹೆಸರು ಗಳಿಸುವುದು ನಿಧಾನ. ಆದರೆ ತಮ್ಮ ಜನ ಏನನ್ನು ಸಹಿಸಿದರೆಂಬಲ್ಲಿಗೇ ನಿಲ್ಲದೆ, ಯಾವ ದಿನ ಸಹಿಸಲೊಲ್ಲೆವೆಂದರು ಎಂಬುದನ್ನೂ ಅವರು ತಿಳಿದುಕೊಂಡಿರುತ್ತಾರೆ. ಒಂದು ಕುಲದ ಚರಿತ್ರೆ ಶುರುವಾಗುವುದು ಆ ದಿನದಿಂದ.